ಕಲ್ಲಿಲ್ಲದ ಕಿಡ್ನಿ

ಹೋದ ವಾರ ಮಡಗಾಂವಿನಲ್ಲಿ ಒಂದು ಮನೆಗೆ ಬಾತ್‌ರೂಮಿನ ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಮನೆಯಾಕೆ ಹುಬ್ಬಳ್ಳಿ ಕಡೆಯವರು. ಬಾಗಿಲು ತೆಗೆದ ಕೂಡಲೇ ಅಡುಗೆಮನೆಯಿಂದ ಹುರಳಿ ಕುದಿಯುವ ವಾಸನೆ ಮೂಗಿಗೆ ಬಡಿಯಿತು. "ನಮ್ಮ ತಮ್ಮಗ ಕಿಡ್ನ್ಯಾಗ ಕಲ್ಲಾಗ್ಯಾವ್ರಿ. ದಿನಾ ಹುರಳಿ ಕಟ್ಟು ಕುಡಸಾಕತ್ತೇನಿ. ನೀವೂ ಒಂದು ವಾಟಗಾ ತಗೋತೀರೇನ್ರಿ?" ಎಂದು ಆಕೆ ಪ್ರೀತಿಯಿಂದಲೇ ಕೇಳಿದರು. ನಾನು ಬಿಚ್ಚಿದ ಟೇಪು ಹಾಗೇ ಸುತ್ತಿ, "ನಾಳೆ ಬರ್ತೀನ್ರೀ ಅಕ್ಕಾರ" ಎಂದು ಮೆಟ್ಟಿಲು ಇಳಿದುಬಿಟ್ಟೆ. ಪಾಪ, ಆಕೆಯದೇನು ತಪ್ಪು? ಆದರೆ ಹುರಳಿ ವಾಸನೆ ಬಂದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ೨೦೦೭ರ ಅರ್ಧ ಮಳೆಗಾಲ ನಮ್ಮವ್ವ ನನಗೆ ಅದನ್ನೇ ಕುಡಿಸಿದಳು. ಕಿಡ್ನಿಯಲ್ಲಿ ಮತ್ತೆ ಕಲ್ಲಾಗದಿರಲಿ ಅಂತ. ನನ್ನ ಕಿಡ್ನಿಯಲ್ಲಿ ಕಲ್ಲೇ ಇರಲಿಲ್ಲ. ಇದ್ದದ್ದು ಕ್ಯಾನ್ಸರ್. ಅದು ಅಣ್ಣನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಬಾಯಿ ಚಪ್ಪರಿಸಿ ಕುಡಿಯುತ್ತಿದ್ದ ಶತಮೂರ್ಖ ನಾನೊಬ್ಬನೇ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಬಾಗಲಕೋಟೆ ಕಡೆಯ ನಮ್ಮ ಹಳ್ಳಿ ಬಿಟ್ಟು, ಅಣ್ಣ ಯಲ್ಲಪ್ಪನ ಬೆನ್ನು ಹತ್ತಿ ಗೋವಾಕ್ಕೆ ಬಂದಿದ್ದೆ. ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ಸೆಂಟ್ರಿಂಗ್ ಮೇಸ್ತ್ರಿ. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಅಪ್ಪನೂ ಅವನೇ. ಅವನ ಹೆಂಡತಿ ಮಕ್ಕಳು, ನಮ್ಮ ತಂಗಿ ಕಸ್ತೂರಿ ಊರಲ್ಲಿದ್ದರು. ಚಿಂಬಲ್‌ನ ಒಂದು ಬಾಡಿಗೆ ಖೋಲಿಯಲ್ಲಿ ನಾವಿಬ್ಬರು, ನಮಗೆ ರೊಟ್ಟಿ ಬಡಿದು ಹಾಕಲು ಅವ್ವ. ಪಕ್ಕದ ಖೋಲಿ, ಅದರ ಪಕ್ಕದ ಖೋಲಿ, ನಳದ ಪಾಳಿಯಲ್ಲಿ ಜಗಳಾಡುವವರು, ಎಲ್ಲ ನಮ್ಮ ಕಡೆಯವರೇ. ಹೀಗಾಗಿ ನನಗೆ ಕೊಂಕಣಿ ಬರಲೇ ಇಲ್ಲ. ಟೈಲ್ಸ್ ಅಳತೆ ಹೇಳುವಷ್ಟು ಹಿಂದಿ ಬರುತ್ತಿತ್ತು, ಅಷ್ಟು ಸಾಕಾಗಿತ್ತು. ಅಣ್ಣ ಮಾತ್ರ ಇಲ್ಲೇ ಹುಟ್ಟಿದವನ ಹಾಗೆ ಕೊಂಕಣಿ ಆಡುತ್ತಿದ್ದ. ಮಾಲಕರ ಹತ್ತಿರ, ಪಂಚಾಯತಿಯಲ್ಲಿ, ಎಲ್ಲಿ ಮಾತಾಡಬೇಕಾದರೂ ಓಣಿಯವರು ಅವನನ್ನೇ ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಅವನು ಏನು ಹೇಳಿದರೆ ಅದೇ ನಮಗೆಲ್ಲ ಗೋವಾ ಹೇಳಿದ ಮಾತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಮನೆಯಲ್ಲಿ ಎರಡು ಲಗ್ನ ಆಗಬೇಕಿತ್ತು. ಕಸ್ತೂರಿಗೆ ಒಳ್ಳೇ ಕಡೆ ಗಂಡು ಗೊತ್ತಾಗಿತ್ತು. ನಡುವೆ ನಿಂತು ಮಾತಾಡಿದವನು ನಮ್ಮ ಸ್ವಾದರಮಾವ, ಅವ್ವನ ತಮ್ಮ. ಮಾವನ ಮಗಳು ರೇಣುಕಾ ನನಗೆ ಅಂತ ಆಕೆ ತೊಟ್ಟಿಲಲ್ಲಿ ಇದ್ದಾಗಲೇ ಮಾತಾಗಿತ್ತು. "ಒಂದ ಹಂದರದಾಗ ಎರಡೂ ಲಗ್ನ ಮುಗಸೋಣು" ಎಂದು ಮಾವನೇ ಹೇಳಿದ್ದ. ಹಿರಿಯರು ಮಾಡಿದ ಮಾತು ಅಂತ ನಾನು ಸುಮ್ಮನೆ ತಲೆ ಆಡಿಸಿದವನಲ್ಲ. ನನಗೆ ಆಕೆಯ ಮೇಲೆ ಜೀವ ಇತ್ತು. ತನ್ನಪ್ಪನ ಮೊಬೈಲಿನಿಂದ ಕದ್ದು ಮಿಸ್ ಕಾಲ್ ಕೊಡುತ್ತಿದ್ದಳು. ನಾನು ತಿರುಗಿ ಮಾಡಿದರೆ, "ಟೈಲ್ಸ್ ಮೇಸ್ತ್ರಿಗೋಳು ಆರಾಮ ಅದಾರೇನ್ರಿ?" ಎಂದು ಕಿಸಕ್ಕನೆ ನಕ್ಕು ಇಟ್ಟುಬಿಡುತ್ತಿದ್ದಳು. ಅಷ್ಟಕ್ಕೇ ನನ್ನ ದಿನ ಕಳೆಯುತ್ತಿತ್ತು.

ಮಳೆ ಹತ್ತಿತೆಂದರೆ ಗೋವಾದಲ್ಲಿ ಅಣ್ಣನ ಕೆಲಸ ಬಂದ್. ನಮ್ಮದು ಬಂದ್ ಆಗುವುದಿಲ್ಲ, ಟೈಲ್ಸ್ ಕೆಲಸ ಒಳಗಿನದು. ಪರ್ವರಿಯ ಒಂದು ಹೊಸ ಬಿಲ್ಡಿಂಗಿನಲ್ಲಿ ನಾನು ಮತ್ತು ನನ್ನ ಜೋಡಿ ದಸ್ತಗೀರ ಬಾತ್‌ರೂಮು ಹಿಡಿದಿದ್ದೆವು. ದಸ್ತಗೀರ ಸವಣೂರ ಕಡೆಯವನು, ಬಾಯಿ ಬಿಟ್ಟರೆ ಚೇಷ್ಟೆ. ಅಲ್ಲಿ ಸೂಪರ್‌ವೈಸರನ ಒಂದು ಕಾನೂನು ಇತ್ತು: ಕೂಲಿಯವರು ಯಾರೂ ಒಳಗಿನ ಸಂಡಾಸ ಮುಟ್ಟಕೂಡದು. ಕೂರಿಸುವವರು ನಾವು, ಆದರೆ ನಮ್ಮ ಕೆಲಸಕ್ಕೆ ಬಿಲ್ಡಿಂಗಿನ ಹಿಂದಿನ ಕೆಂಪು ಮಣ್ಣಿನ ಗುಡ್ಡೆಗೇ ಹೋಗಬೇಕು. ಜೂನ್ ಪೂರ್ತಿ ಆ ಸುರಿಯುವ ಮಳೆಯಲ್ಲಿ, ಕೆಂಪು ನೀರು ಹರಿಯುವ ಕಡೆ ನಿಂತು ಬಂದಿದ್ದೇನೆ. ಕೆಂಪಿನಲ್ಲಿ ಕೆಂಪು ಯಾರಿಗೆ ಕಾಣಬೇಕು?

ಒಂದು ದಿನ ಮಳೆ ಎಷ್ಟು ಜೋರಿತ್ತೆಂದರೆ ಹೊರಗೆ ಕಾಲಿಡಲು ಆಗಲಿಲ್ಲ. ದಸ್ತಗೀರನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿ, ಅವತ್ತೇ ಕೂರಿಸಿದ್ದ ಬೆಳ್ಳನೆಯ ಕಮೋಡಿನಲ್ಲಿ ಕದ್ದು ಹೊಯ್ದೆ. ನೋಡಿದರೆ ಅದರ ತುಂಬ ರಕ್ತ. ನೋವಿಲ್ಲ, ಉರಿ ಇಲ್ಲ, ಬರೀ ರಕ್ತ. ನನ್ನ ಕೂಗು ಕೇಳಿ ಒಳಗೆ ಬಂದ ದಸ್ತಗೀರ ಬಗ್ಗಿ ನೋಡಿ, "ಉಷ್ಣ ಆಗೇತೋ ಬಸ್ಯಾ. ಚಾ ಬಿಡು, ಕೋಕಂ ಕುಡಿ" ಎಂದ. ಆಮೇಲೆ ಇಬ್ಬರೂ ಬಕೆಟ್ಟಿನಿಂದ ನೀರು ಸುರಿದು ಕಮೋಡು ತೊಳೆದೆವು. ನನಗೆ ಆಗ ಇದ್ದ ಹೆದರಿಕೆ ಸೂಪರ್‌ವೈಸರಂದು.

ಕೋಕಂ ಕುಡಿದೆ, ಎಳನೀರು ಕುಡಿದೆ, ಹೊಟ್ಟೆಗೆ ಹರಳೆಣ್ಣೆ ಸವರಿಕೊಂಡೆ. ಎರಡು ದಿನ ತಿಳಿ, ಮತ್ತೆ ಕೆಂಪು. ಓಣಿಯ ಡಾಕ್ಟರು ನನ್ನ ಮುಖ ನೋಡಿ, ಇಷ್ಟು ಗಟ್ಟಿ ಹುಡುಗನಿಗೆ ಏನಾಗಿರುತ್ತದೆ ಎಂದು ಇನ್‌ಫೆಕ್ಷನ್ ಗುಳಿಗೆ ಬರೆದರು. ಜುಲೈ ನಡುವೆ ಒಂದು ಮುಂಜಾನೆ ರಕ್ತ ಗಟ್ಟಿಯಾಗಿ ಸಿಕ್ಕಿಕೊಂಡು ಮೂತ್ರವೇ ನಿಂತುಹೋಯಿತು. ಬಲಗಡೆ ಪಕ್ಕೆಯಲ್ಲಿ ಜೀವ ಹೋಗುವ ನೋವು. ಅಣ್ಣ ಓಣಿಯವನೊಬ್ಬನ ರಿಕ್ಷಾದಲ್ಲಿ ನನ್ನನ್ನು ದೊಡ್ಡಾಸ್ಪತ್ರೆಗೆ ಹಾಕಿಕೊಂಡು ಹೋದ.

ಫೋಟೋ ತೆಗೆದರು, ಸ್ಕ್ಯಾನ್ ಮಾಡಿದರು. ರಿಪೋರ್ಟು ಬಂದ ದಿನ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ವಯಸ್ಸಾದವರು, ಶಾಂತ ಮುಖ. ಕೊಂಕಣಿಯಲ್ಲಿ ಎರಡು ಮಾತು ಆಡಿದ್ದರೋ ಇಲ್ಲವೋ, ಅಣ್ಣ ನನ್ನ ಕಡೆ ತಿರುಗಿ, "ಬಸ್ಯಾ, ಹೊರಗ ಹೋಗಿ ಕೇಸ್ ಪೇಪರ್ ಜೆರಾಕ್ಸ್ ಮಾಡಿಸ್ಕೊಂಡ ಬಾ" ಎಂದ. ಹೋದೆ. ತಿರುಗಿ ಬಂದಾಗ ಅಣ್ಣ ಕುರ್ಚಿಯಲ್ಲಿ ಕುಸಿದು ನೆಲ ನೋಡುತ್ತಿದ್ದ. ಡಾಕ್ಟರು ಇನ್ನೂ ಮಾತಾಡುತ್ತಿದ್ದರು. ನಡುನಡುವೆ ನನ್ನ ಕಡೆ ಕೈ ತೋರಿಸಿ, ಸ್ವಲ್ಪ ನಕ್ಕು, ಬಹಳ ಹೊತ್ತು ಏನೇನೋ ಹೇಳಿದರು. ಹೊರಗೆ ಬಂದ ಮೇಲೆ ಕೇಳಿದೆ.

"ಏನಂದ್ರೋ ಅಣ್ಣಾ?"

"ಕಲ್ಲು ಐತಂತ. ಆಪ್ರೇಶನ್ ಮಾಡ್ತಾರಂತ."

"ಅಷ್ಟ? ಇಷ್ಟೊತ್ತನ ಮಾತಾಡಿದ್ರಲ್ಲ?"

"ಅಷ್ಟ. ಡಾಕ್ಟರ್ ಅಂದ್ರ ಮಾತು ಉದ್ದ ಇರತಾವು. ನಡಿ."

ನಾನು ನಂಬಿದೆ. ನಂಬದೆ ಏನು ಮಾಡಲಿ? ಅಣ್ಣನ ಬಾಯಿಂದ ಬಂದ ಮಾತು. ನಮ್ಮ ಓಣಿ ಪೂರ್ತಿ ನಂಬುತ್ತಿದ್ದ ಬಾಯಿ ಅದು.

ಆಪರೇಷನ್ ಆಯಿತು. ಎಚ್ಚರವಾದಾಗ ಪಕ್ಕೆಯಿಂದ ಹೊಟ್ಟೆಯವರೆಗೆ ಪಟ್ಟಿ. ಕಲ್ಲು ದೊಡ್ಡದಿತ್ತು, ಕಿಡ್ನಿ ಕೊಳೆತುಹೋಗಿತ್ತು, ಅದಕ್ಕೆ ಕಿಡ್ನಿಯನ್ನೇ ತೆಗೆದರು ಎಂದು ಅಣ್ಣ ಹೇಳಿದ. ಒಂದು ಹೋದರೇನು, ಇನ್ನೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎದುರಿನ ಕಾಟಿನವನಿಗೂ ಕಲ್ಲಿನ ಆಪರೇಷನ್ ಆಗಿತ್ತು. ಅವನ ಕಲ್ಲುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಬಂದವರಿಗೆಲ್ಲ ಗಲಗಲ ಅಲುಗಾಡಿಸಿ ತೋರಿಸುತ್ತಿದ್ದ. ನನಗೂ ಆಸೆಯಾಯಿತು. "ನಂದೆಲ್ಲೋ ಅಣ್ಣಾ?" ಎಂದರೆ, "ಸಿಸ್ಟರ್ ಒಗದ್ಲಂತ" ಎಂದ. ಬಡಪಾಯಿ ಸಿಸ್ಟರಿಗೆ ಮನಸ್ಸಿನಲ್ಲೇ ಎಷ್ಟು ಬೈದೆನೋ! ನನ್ನ ಕಲ್ಲು ಒಗೆಯಲು ಇವಳ್ಯಾರು ಎಂದು.

ಮನೆಗೆ ಬಂದ ಮೇಲೆ ಅವ್ವನ ಹುರಳಿ ಕಟ್ಟು ಶುರುವಾಯಿತು. ಉಳಿದ ಕಿಡ್ನಿಗೂ ಕಲ್ಲಾಗದಿರಲಿ ಎಂದು. ಮುಂಜಾನೆ ಒಂದು ವಾಟಗಾ, ಸಂಜೆ ಒಂದು ವಾಟಗಾ. ಕೊಡುವಾಗ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ. ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬಂದಿದೆ ಅಂದುಕೊಳ್ಳುತ್ತಿದ್ದೆ. ನಮ್ಮ ಖೋಲಿಯಲ್ಲಿದ್ದದ್ದು ಗ್ಯಾಸಿನ ಒಲೆ! ಎಂಥ ದಡ್ಡ ನಾನು.

ಆಗಸ್ಟಿನಲ್ಲಿ ನಳದ ಹತ್ತಿರ ಹೋಗಿ ನಿಲ್ಲುವಷ್ಟು ಚೇತರಿಸಿಕೊಂಡೆ. ಜನ ನೋಡುವ ನೋಟ ಬೇರೆಯಾಗಿತ್ತು. ಗಂಡಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬ ಮುದುಕಿ ನನ್ನ ತಲೆ ನೇವರಿಸಿ, "ತಂಗಿ ಸಲುವಾಗಿ ಮೈ ಕೊಯಿಸ್ಕೊಂಡಿ ನನ್ನಪ್ಪಾ. ಇಂಥಾ ಅಣ್ಣ ಯಾರಿಗಿ ಸಿಗ್ತಾನ" ಎಂದಳು. ಕಕ್ಕಾಬಿಕ್ಕಿಯಾದೆ. ಮರುದಿನ ಸೆಂಟ್ರಿಂಗಿನ ಒಬ್ಬ ಪಾಳಿಯಲ್ಲಿ ನಿಂತೇ ಕೇಳಿದ, "ಏನಪಾ ಬಸ್ಯಾ, ಯಾರಿಗಿ ಕೊಟ್ಟಿ? ಚಲೋ ಸಿಕ್ಕಿರಬೇಕಲ್ಲ?" ಏನು ಕೊಟ್ಟೆ ಎಂದರೆ, "ಕಿಡ್ನಿ ಲೇ. ಎಲ್ಲಾರಿಗೂ ಗೊತ್ತೈತಿ" ಎಂದು ಕಣ್ಣು ಹೊಡೆದ. ಕೈಯಲ್ಲಿದ್ದ ಕೊಡವನ್ನೇ ಅವನ ಮೇಲೆ ಬೀಸಿದೆ. ಹೊಲಿಗೆ ಎಳೆದು ನಾನೇ ಕೆಳಗೆ ಕೂತೆ.

ದಸ್ತಗೀರನನ್ನು ಹಿಡಿದು ಕೇಳಿದಾಗ ಅವನ ಬಾಯಿಂದ ಚೇಷ್ಟೆ ಬರಲಿಲ್ಲ. "ಊರಿಂದ ಬಂದ ಸುದ್ದೀ ಅದು. ನೀ ಲಗ್ನದ ಖರ್ಚಿಗೆ ಕಿಡ್ನಿ ಮಾರಿದಿ ಅಂತ. ನಾ ಎಷ್ಟ ಹೇಳಿದ್ರೂ ಯಾರೂ ಕೇಳವಲ್ರು ದೋಸ್ತ" ಎಂದ. ಅಣ್ಣನಿಗೆ ಹೇಳಿದೆ. ಅಣ್ಣ ಬೀಡಿ ಹಚ್ಚಿ, "ಮಂದಿ ಬಾಯಿಗೆ ಏನ್ ಬೀಗ ಹಾಕಾಕ ಬರತೈತೇನು? ಬಿಡು" ಎಂದ. ಯಾರಾದರೂ ತನ್ನ ತಮ್ಮನಿಗೆ ಸಣ್ಣ ಮಾತಂದರೆ ಸಲಿಕೆ ಹಿಡಿದು ಓಡುತ್ತಿದ್ದ ಅಣ್ಣ ಅವತ್ತು ಬೀಡಿ ಸೇದುತ್ತ ಕೂತ. ನನಗೆ ಅದು ವಿಚಿತ್ರ ಅನಿಸಿತು. ಅದರಾಚೆ ನನ್ನ ಬುದ್ಧಿ ಓಡಲಿಲ್ಲ.

ಚೌತಿಗೆ ಗೋವಾ ಪೂರ್ತಿ ರಜೆ. ಸೈಟುಗಳೆಲ್ಲ ಬಂದ್. ಆ ವಾರ ಮಾವ ಬಂದ. ಮಳೆಯಲ್ಲಿ ನೆನೆದ ಕೊಡೆಯನ್ನು ಬಾಗಿಲಲ್ಲಿ ಒರಗಿಸಿ, ನನ್ನ ಕಡೆ ನೋಡದೆ ಗೋಡೆಯ ಹತ್ತಿರ ಕೂತ. ಮಾವ ಬರುತ್ತಾನೆಂದು ನಾನು ಹೊಸ ಅಂಗಿ ಹಾಕಿಕೊಂಡಿದ್ದೆ.

"ನೋಡು ಬಸಪ್ಪಾ, ಸಿಟ್ಟಿಗೇಳಬ್ಯಾಡ," ಎಂದ ಮಾವ. "ನೀ ತಂಗಿ ಸಲುವಾಗಿ ಮಾಡಿದಿ, ಅದು ದೊಡ್ಡ ಮಾತು. ಆದ್ರ ಮೈಯಾಗಿಂದು ಮಾರ್ಕೊಂಡಾವಗ, ಒಂದ ಕಿಡ್ನಿ ಮ್ಯಾಲೆ ಇರಾವಗ ನಾ ಮಗಳ್ನ ಹ್ಯಾಂಗ ಕೊಡ್ಲಿ? ನಾಳೆ ಏನರ ಆದ್ರ ಯಾರ್ನ ಕೇಳ್ಲಿ?"

"ಮಾರಿಲ್ರೀ ಮಾವಾರ! ಕಲ್ಲಾಗಿತ್ತು, ತಗದ್ರು. ಅಣ್ಣನ್ನ ಕೇಳ್ರಿ. ಹೇಳೋ ಅಣ್ಣಾ!"

ಅಣ್ಣ ಹೇಳಲಿಲ್ಲ. ಕಾಲಿನ ಉಗುರಿನಿಂದ ನೆಲ ಕೆರೆಯುತ್ತ ಕೂತ. ಅವ್ವನ ಕಡೆ ತಿರುಗಿದೆ. ಅವ್ವ ಚಹಾದ ಕಪ್ಪು ತಂದು ತನ್ನ ತಮ್ಮನ ಮುಂದೆ ಇಟ್ಟು, "ಬಿಸಿ ಐತಿ, ಕುಡಿ" ಎಂದು ಒಳಗೆ ಹೋದಳು. ಅವತ್ತು ಆ ಖೋಲಿಯಲ್ಲಿ ನನ್ನ ಪರವಾಗಿ ಒಂದು ಮಾತು ಸಾಕಿತ್ತು. ಓಣಿಯವರಿಗೆಲ್ಲ ಮಾತಾಡುವ ನನ್ನ ಅಣ್ಣನ ಬಾಯಲ್ಲಿ ಅದೊಂದು ಇರಲಿಲ್ಲ. ಅವತ್ತಿನಿಂದ ಮಿಸ್ ಕಾಲ್ ಕೂಡ ನಿಂತಿತು. ನಾನೇ ಮಾಡಿದರೆ ಮಾವ ಎತ್ತಿ, ಹಲೋ ಅಂದು, ನನ್ನ ದನಿ ಕೇಳಿ ಇಡುತ್ತಿದ್ದ.

ಮಳೆ ಹಿಂದೆ ಸರಿಯಿತು. ದೀಪಾವಳಿ ಮುಗಿದು ಕಸ್ತೂರಿಯ ಲಗ್ನಕ್ಕೆ ಅಣ್ಣ, ಅವ್ವ ಊರಿಗೆ ಹೊರಟರು. ನಾನೂ ಚೀಲ ಕಟ್ಟಿದ್ದೆ. "ನೀ ಬ್ಯಾಡ. ಬಸ್ಸಿನ ಕುಲುಕಾಟಕ್ಕ ಹೊಲಿಗಿ ಬಿಚ್ಚೀತು" ಎಂದ ಅಣ್ಣ. ಹೊಲಿಗೆ ಬಿಚ್ಚಿ ತಿಂಗಳುಗಳೇ ಆಗಿದ್ದವು. ನಾನು ಆಗಲೇ ಪರ್ವರಿಗೆ ಬಸ್ಸಿನಲ್ಲಿ ಹೋಗಿ ಟೈಲ್ಸ್ ಹೊರುತ್ತಿದ್ದೆ. ಜಗಳ ಮಾಡಿ ಹೋಗಬಹುದಿತ್ತು. ಆದರೆ ಅವ್ವ ಕೈ ಮುಗಿದಳು. "ಬ್ಯಾಡೋ ಯಪ್ಪಾ, ನನ್ನ ಮಾತು ಕೇಳು." ಹೆತ್ತ ತಾಯಿ ಕೈ ಮುಗಿದರೆ ಏನು ಮಾಡುತ್ತೀರಿ? ಒಡಹುಟ್ಟಿದ ತಂಗಿಯ ತಲೆಗೆ ಅಕ್ಕಿಕಾಳು ಹಾಕಲು ನಾನಿರಲಿಲ್ಲ.

ಅದೇ ವಾರ ಆಸ್ಪತ್ರೆಯ ತಾರೀಕು ಇತ್ತು. ಪ್ರತಿ ಸಲ ಅಣ್ಣ ಜೊತೆಗೆ ಬಂದು, ಕೊಂಕಣಿಯಲ್ಲಿ ಮಾತಾಡಿ, "ಚಲೋ ಐತಂತ" ಎಂದು ಕರೆದುಕೊಂಡು ಬರುತ್ತಿದ್ದ. ಈ ಸಲ ದಸ್ತಗೀರನನ್ನು ಕರೆದುಕೊಂಡು ಹೋದೆ. ಅವನ ಮನೆ ಮಾತು ಉರ್ದು, ಹಿಂದಿ ಸಲೀಸು. ಡಾಕ್ಟರು ನನ್ನ ಹಿಂದೆ ನೋಡಿ, ನಿನ್ನ ಅಣ್ಣ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಊರಿಗೆ ಹೋಗಿದ್ದಾನೆ ಎಂದೆ. ಅವರು ಸ್ಕ್ಯಾನ್ ದೀಪಕ್ಕೆ ಹಿಡಿದು ನೋಡಿ, ನಕ್ಕು, ಏನೋ ಹೇಳಿದರು. ಅದರಲ್ಲಿ ಒಂದು ಶಬ್ದ ಯಾವ ಭಾಷೆಯಲ್ಲೂ ಒಂದೇ.

ಕ್ಯಾನ್ಸರ್.

ದಸ್ತಗೀರ ನನ್ನ ಮುಖ ನೋಡಿದ. "ಎಲ್ಲಾ ಹೇಳು, ಒಂದ ಮಾತೂ ಬಿಡಬ್ಯಾಡ" ಎಂದು ಅವನ ರಟ್ಟೆ ಹಿಡಿದೆ. ಅವನು ಹೇಳುತ್ತಾ ಹೋದ. ಬಲ ಕಿಡ್ನಿಯಲ್ಲಿ ಕ್ಯಾನ್ಸರಿನ ಗಡ್ಡೆ ಇತ್ತು. ಇಷ್ಟು ಸಣ್ಣ ವಯಸ್ಸಿನಲ್ಲಿ ಅದು ಬರುವುದು ಅಪರೂಪ. ಕಿಡ್ನಿಯ ಹೊರಗೆ ದಾಟಿರಲಿಲ್ಲ, ಪೂರ್ತಿ ತೆಗೆದಿದ್ದಾರೆ. ಈಗ ಎಲ್ಲಿಯೂ ಏನೂ ಇಲ್ಲ. ಒಂದು ಕಿಡ್ನಿಯಲ್ಲಿ ದುಡಿಯಬಹುದು, ಮದುವೆಯಾಗಬಹುದು, ಮಕ್ಕಳಾಗಬಹುದು. ಸ್ಕ್ಯಾನ್ ಮಾತ್ರ ತಪ್ಪಿಸಬಾರದು. ಡಾಕ್ಟರಿಗೆ ನನ್ನ ಮುಖ ನೋಡಿ ಅನುಮಾನ ಬಂತು. ನಿನ್ನ ಅಣ್ಣ ಹೇಳಲಿಲ್ಲವೇ ಎಂದರು. ತಮ್ಮನಿಗೆ ನಾನೇ ಹೇಳುತ್ತೇನೆ, ನೀವು ಅವನ ಮುಂದೆ ಆ ಹೆಸರು ಎತ್ತಬೇಡಿ ಎಂದು ಅಣ್ಣ ಅವರ ಕೈ ಹಿಡಿದು ಕೇಳಿಕೊಂಡಿದ್ದನಂತೆ. ಈ ಹುಡುಗ ಬದುಕುತ್ತಾನೆ, ಹೆದರಬೇಡ ಎಂದು ಮೊದಲ ದಿನವೇ ಅವನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆನಲ್ಲ ಎಂದರು.

ಹೇಳಿದ್ದರು. ನಾನು ಜೆರಾಕ್ಸ್ ಹಿಡಿದು ನಿಂತಿದ್ದಾಗ, ನನ್ನ ಕಡೆ ಕೈ ತೋರಿಸಿ ನಗುತ್ತ ಹೇಳಿದ್ದು ಅದನ್ನೇ. ನೆಲ ನೋಡುತ್ತ ಕೂತ ಅಣ್ಣನ ಕಿವಿಗೆ ಆ ಒಂದು ಶಬ್ದದ ಆಚೆ ಏನೂ ಬಿದ್ದಿರಲಿಲ್ಲ. ಆಮೇಲೆ ನಾನು ಹಟ ಹಿಡಿದು ಕೊಂಕಣಿ ಕಲಿತೆ. ಇವತ್ತಿನವರೆಗೂ ನನ್ನ ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅತ್ತೆವು. ಬದುಕಿದ್ದೇನೆ ಎಂಬ ಖುಷಿ ಒಂದು ಗಳಿಗೆ ಬಂತು. ಮರುಗಳಿಗೆಗೆ ಮಾವನ ಮುಂದೆ ಬಾಯಿ ಮುಚ್ಚಿ ಕೂತ ಅಣ್ಣ ಕಣ್ಣ ಮುಂದೆ ಬಂದ. ಕಿಡ್ನಿ ಮಾರಿದ ಸುದ್ದಿ ಹುಟ್ಟಿದ್ದು ಅವನ ಬಾಯಿಂದಲೇ ಎಂದು ಆಗ ಹೊಳೆಯಿತು.

ಲಗ್ನ ಮುಗಿಸಿಕೊಂಡು ಅವರು ಒಂದು ಮುಂಜಾನೆ ಬಸ್ಸಿಳಿದು ಬಂದರು. ಅವ್ವ ಬುಟ್ಟಿ ಬಿಚ್ಚಿ ನನ್ನ ಮುಂದೆ ಬುಂದಿ ಲಾಡು ಇಟ್ಟಳು. ಎಲ್ಲ ಚೆನ್ನಾಗಾಯಿತೆಂದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ರೇಣುಕಾಂದೂ ಅದ ಹಂದರದಾಗ ಆತಪಾ. ಕಸ್ತೂರಿ ಗಂಡನ ಕಾಕಾನ ಮಗಾ" ಎಂದಳು. ನನ್ನನ್ನು ಏಕೆ ಊರಿಗೆ ಬಿಡಲಿಲ್ಲ ಎನ್ನುವುದು ಆಗ ತಿಳಿಯಿತು. ಲಾಡಿನ ತಾಟನ್ನು ದೂಡಿದೆ.

"ನನಗ ಕ್ಯಾನ್ಸರ್ ಆಗಿತ್ತು. ಕಲ್ಲು ಅಂತ ಹೇಳಿದಿ. ಹೋಗ್ಲಿ, ನಾ ಹೆದರ್ತೀನಿ ಅಂತ ಹೇಳಿರಬೇಕು. ಕಿಡ್ನಿ ಮಾರ್ಯಾನ ಅಂತ ಯಾಕ ಹೇಳಿದಿ ಅಣ್ಣಾ?"

ಅಣ್ಣನ ಮುಖ ಸುಟ್ಟ ಹಾಗಾಯಿತು. "ಕಲ್ಲಿಗೆ ಯಾರರ ಕಿಡ್ನಿ ತಗೀತಾರೇನು ಅಂತ ಬೀಗರು ಕೇಳಿದ್ರೋ," ಎಂದ ಮೆಲ್ಲಗೆ. "ಅವ್ರ ಕಡ್ಯಾಂವ ಒಬ್ಬಾಂವ ದವಾಖಾನ್ಯಾಗ ಕೆಲಸ ಮಾಡ್ತಾನ. ಕ್ಯಾನ್ಸರ್ ಅಂತ ಗೊತ್ತಾಗಿದ್ರ, ಆ ಮನಿ ರಕ್ತದಾಗ ಐತಿ ಅಂತ ಕಸ್ತೂರಿನ ಬಿಟ್ಟಬಿಡ್ತಿದ್ರು. ಮಾವ ಕಾಡಾಕತ್ತಿದ್ದ, ಖರೇ ಹೇಳು, ಖರೇ ಹೇಳು ಅಂತ. ಬಾಯಿಗೆ ಬಂದದ್ದು ಹೇಳಿದ್ಯಾ."

"ಬಾಯಿಗೆ ಬಂದದ್ದು? ನನ್ನ ಮೈಯಾಗಿನ ಸುದ್ದಿ ಊರಿಗೆಲ್ಲಾ ಒಂದೊಂದು ಹೇಳಿದಿ. ನನಗ ಹೇಳ್ಲಿಲ್ಲ. ಮಾವ ನನ್ನ ಮುಂದ ಕುಂತು ಅಂದಾಗ್ಲೂ ಸುಮ್ಮನ ಕುಂತಿ. ನೀ ಅಣ್ಣ ಏನು?"

"ಅವನ್ನ ಬೈಬ್ಯಾಡೋ," ಎಂದಳು ಅವ್ವ. ಆಕೆ ಅಳುತ್ತಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲು ಆಗುವುದಿಲ್ಲ. "ನಾನ ಹೇಳಂದ್ಯಾ. ಕ್ಯಾನ್ಸರ್ ಅಂದಮ್ಯಾಲೆ ನೀ ಉಳಿಯಂಗಿಲ್ಲ ಅಂತ ತಿಳದಿದ್ವಿ. ಹೆಂಗಿದ್ರೂ ಹೋಗಾವ, ಅವನ ಹೆಸರು ಕೆಟ್ರ ಏನಾತು, ಇರಾಕಿ ಬಾಳೇವು ಆಗ್ಲಿ ಅಂದ್ಯಾ. ನೀ ಉಳೀತಿ ಅಂತ ಯಾರಿಗ್ ಗೊತ್ತಿತ್ತಪಾ?"

ಹೊರಗೆ ನಳಕ್ಕೆ ನೀರು ಬಂದ ಗದ್ದಲ ಕೇಳುತ್ತಿತ್ತು. ನಾನು ಇನ್ನೂ ಉಸಿರಾಡುತ್ತಿರುವಾಗಲೇ ನನ್ನನ್ನು ಹೊತ್ತು ಹಾಕಿ ಬಂದಿದ್ದರು, ನನ್ನನ್ನು ಹೆತ್ತವಳು, ನನ್ನನ್ನು ಸಾಕಿದವನು. ದಿನಾ ಎರಡು ಹೊತ್ತು ಊಟ ಬಡಿಸುತ್ತಲೇ.

"ಈಗ ಉಳದೇನಲ್ಲಬೇ," ಎಂದೆ. "ಕಸ್ತೂರಿ ಲಗ್ನಾನೂ ಆತು. ಈಗರ ಊರಾಗ ಖರೇ ಹೇಳ್ರಿ."

ಅವ್ವ ಅಣ್ಣನ ಮುಖ ನೋಡಿದಳು. ಚೆಲ್ಲಿದ ಬುಂದಿಯ ಕಾಳುಗಳನ್ನು ಒಂದೊಂದಾಗಿ ತಾಟಿಗೆ ಹಾಕುತ್ತ ಹೇಳಿದಳು.

"ಆಕಿಗೊಂದು ಕೂಸಾಗ್ಲಿ, ತಡಿಯಪಾ."

ಕಸ್ತೂರಿಗೆ ಈಗ ಮೂರು ಮಕ್ಕಳು. ಊರಲ್ಲಿ ನಾನು ಇವತ್ತಿಗೂ ಕಿಡ್ನಿ ಮಾರಿದ ಬಸ್ಯಾ.